ಕೊಟ್ರಯ್ಯನ ಪ್ಲಾಟಿನ ಎಣಿಕೆ

ತ್ರಿವೇಣಿ ಹೊನ್ನೂರಮ್ಮನನ್ನು ಮೊದಲ ಸಲ ನೋಡಿದ್ದು ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಎಡಕ್ಕೆ ಕೊಟ್ರಯ್ಯನ ಪ್ಲಾಟು ಎಂಬ ಬಡಾವಣೆ. ಅಲ್ಲಿಯ ಅಂಗನವಾಡಿಗೆ ಹೊಸ ಮೇಲ್ವಿಚಾರಕಿಯಾಗಿ ಬಂದಿದ್ದ ತ್ರಿವೇಣಿ ಸ್ಕೂಟಿ ನಿಲ್ಲಿಸಿ ನೋಡಿದರೆ, ಬಾಗಿಲಲ್ಲಿ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಕೂಸೊಂದರ ಮೂಗು ಒರೆಸುತ್ತಿದ್ದಳು. ಮಾಸಿದ ಹಸಿರು ಸೀರೆ, ಸೊಂಟಕ್ಕೆ ಬಿಗಿದ ಸೆರಗು, ಎಡಗೈಯಲ್ಲಿ ಸೌಟು. ಒಳಗಿನಿಂದ ಉಪ್ಪಿಟ್ಟು ತಳಹಿಡಿದ ವಾಸನೆ ಬರುತ್ತಿತ್ತು. ಬಂದವರು ಯಾರು, ಏನು ಎಂದು ಕೇಳದೆ ಆಕೆ, "ಸ್ವಲ್ಪ ಈ ಕೂಸಿನ ಕೈ ಹಿಡೀರಿ, ರಸ್ತೆಗೆ ಓಡತೈತಿ" ಎಂದು ಒಳಗೆ ಹೋಗಿಬಿಟ್ಟಳು. ತ್ರಿವೇಣಿ ಹಿಡಿದಳು. ಹತ್ತು ನಿಮಿಷ ಬಿಡಲಾಗಲಿಲ್ಲ. ಅಷ್ಟರಲ್ಲಿ ಎಂಟು ಅದಿರು ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು.

ಒಳಗೆ ಒಂದೇ ಕೋಣೆ, ನಲವತ್ತಾರು ಮಕ್ಕಳು.

"ಸಹಾಯಕಿ ಎಲ್ಲಿ?"

"ಸಣ್ಣ ಕೇಂದ್ರಕ್ಕ ಸಹಾಯಕಿ ಕೊಡಂಗಿಲ್ಲಂತ್ರಿ ಮೇಡಂ. ಅಡಿಗಿ ನಂದ, ಪಾಠ ನಂದ, ಕಸಾನೂ ನಂದ."

"ಸಣ್ಣದು ಯಾಕೆ? ಇಷ್ಟು ಮಕ್ಕಳಿದ್ದಾರಲ್ಲ?"

"ಕೂಸುಗಳು ಅದಾವ್ರಿ. ಊರಿಲ್ಲ" ಎಂದಳು ಹೊನ್ನೂರಮ್ಮ.

ಆ ಮಾತು ತ್ರಿವೇಣಿಗೆ ಅರ್ಥವಾದದ್ದು ಆಗಸ್ಟಿನಲ್ಲಿ, ಮೇಲಿನ ಕಚೇರಿಯ ಪತ್ರ ಕೈಗೆ ಬಂದಾಗ. ದಾಖಲೆಯ ಪ್ರಕಾರ ಕೊಟ್ರಯ್ಯನ ಪ್ಲಾಟಿನ ಜನಸಂಖ್ಯೆ ನೂರ ಎಂಬತ್ತಮೂರು. ನಾನೂರಕ್ಕಿಂತ ಕಡಿಮೆಯಿದ್ದರೆ ಕೇಂದ್ರವನ್ನು ಮುಚ್ಚಿ ರಸ್ತೆಯ ಆಚೆಯ ಕೇಂದ್ರಕ್ಕೆ ಸೇರಿಸಬೇಕು. ನಾನೂರು ದಾಟಿದರೆ ಪೂರ್ಣ ಕೇಂದ್ರ, ಜೊತೆಗೊಬ್ಬ ಸಹಾಯಕಿ. ಮರು ಎಣಿಕೆ ಮಾಡಿ ಹದಿನೈದು ದಿನದಲ್ಲಿ ವರದಿ ಕೊಡತಕ್ಕದ್ದು. ಆಚೆ ಕೇಂದ್ರವೆಂದರೆ ಮೂರು ವರ್ಷದ ಮಕ್ಕಳು ದಿನಕ್ಕೆರಡು ಸಲ ಲಾರಿಗಳ ನಡುವೆ ರಸ್ತೆ ದಾಟಬೇಕು. ಹೊನ್ನೂರಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. "ನಮ್ಮ ಮಂದಿ ಕಳಸಂಗಿಲ್ರಿ. ಮನ್ಯಾಗ ಕೂಡಿ ಹಾಕಿ, ಕೀಲಿ ಹಾಕ್ಕೊಂಡು ಕೆಲಸಕ್ಕ ಹೊಕ್ಕಾರ. ಹೋದ ವರ್ಷ ಹಂಗ ಕೂಡಿ ಹಾಕಿದ ಕೂಸೊಂದು ಸುಟ್ಟಕೊಂಡೈತಿ."

ಎಣಿಕೆ ಭಾನುವಾರ ಎಂದು ನಿಗದಿಯಾಯಿತು. ಒಂದು ವಾರ ಹೊನ್ನೂರಮ್ಮ ಮನೆಮನೆಗೂ ಹೋಗಿ ಸಾರಿದಳು: ಐತಾರ ಈ ಪ್ಲಾಟಿನ ಮಂದಿ ಎಣಸ್ತಾರ, ಎಲ್ಲಾರೂ ಇಲ್ಲೇ ಇರಬೇಕು. ಭಾನುವಾರ ಏಳು ಗಂಟೆಗೆ ತ್ರಿವೇಣಿ ಇನ್ನಿಬ್ಬರು ಕಾರ್ಯಕರ್ತೆಯರನ್ನು ಕರೆದುಕೊಂಡು ಬಂದಳು. ಮೊದಲ ಸಾಲಿನಲ್ಲಿ ಬೀಗ. ಎರಡನೆಯ ಸಾಲಿನಲ್ಲಿ ಬೀಗ. ಮೂರನೆಯದರಲ್ಲಿ ಎರಡು ನಾಯಿ, ಉಳಿದಂತೆ ಬೀಗ.

ಕಟ್ಟೆಯ ಮೇಲೆ ಕೊಟ್ರಯ್ಯ ಕೂತಿದ್ದರು. ಈ ಜಾಗ ಒಂದು ಕಾಲಕ್ಕೆ ಅವರ ಜೋಳದ ಹೊಲ. ಪ್ಲಾಟು ಮಾಡಿ ಮಾರಿ ಇಪ್ಪತ್ತು ವರ್ಷವಾಗಿದ್ದರೂ ಹೊಲದ ಯಜಮಾನಿಕೆ ಇನ್ನೂ ಮುಖದಿಂದ ಇಳಿದಿರಲಿಲ್ಲ.

"ಬರ್ರಿ, ಕುಂದ್ರಿ. ಮಂದಿ ಎಲ್ಲಾ ತಮ್ತಮ್ಮ ಊರಿಗೆ ಹೋಗ್ಯಾರ."

"ಯಾಕೆ?"

"ಎಣಸಾಕ ಬರ್ತಾರ ಅಂತ ಈಕಿನ ಸಾರಿದ್ಳಲ್ಲ? ಎಣಿಸ್ಕೊಳ್ಳಾಕ ಹೋಗ್ಯಾರ. ಚೋರನೂರಿನವ್ರು ಚೋರನೂರಿಗೆ, ಬುಕ್ಕಸಾಗರದವ್ರು ಬುಕ್ಕಸಾಗರಕ್ಕ. ನಮ್ಮನಿ ಹನ್ನೊಂದು ಮಂದಿ ಬರಕೊಳ್ರಿ, ಮುಗೀತು. ಈ ಊರಿನ ಮಂದಿ ನಾವ ಹನ್ನೊಂದು. ಉಳಿದವ್ರು ಬಂದವ್ರು."

"ಹನ್ನೊಂದು ಮಂದಿಗೆ ನಾ ನಲವತ್ತಾರು ಕೂಸು ಎಲ್ಲಿಂದ ತಂದೆ ಯಜಮಾನ್ರ?" ಎಂದಳು ಹೊನ್ನೂರಮ್ಮ.

ತ್ರಿವೇಣಿಗೆ ನಗು ಬರಲಿಲ್ಲ. ಆ ಊರುಗಳಲ್ಲಿ ಎಣಿಸಲು ಯಾರೂ ಬರುವುದಿಲ್ಲ, ಎಣಿಕೆ ಈ ಪ್ಲಾಟಿಗೆ ಮಾತ್ರ ಎಂದು ಒಂದು ವಾರ ಸಾರಿದ ಮೇಲೂ ಬಸ್ಸಿಗೆ ನಿಂತು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೋದ ಆ ಜನರ ಮೇಲೆ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಆ ದಿನ ಸಿಕ್ಕಿದ್ದು ಕೊಟ್ರಯ್ಯನವರ ಹನ್ನೊಂದು ಮಂದಿ, ಹೋಗಿಬರಲು ದೂರವೆಂದು ಉಳಿದಿದ್ದ ಒಡಿಶಾದ ವೆಲ್ಡರುಗಳ ಸಂಸಾರಗಳು, ಗುಂತಕಲ್ ಕಡೆಯ ಗಾರೆಯವರು. ಅವರೂ "ಮೇಮು ಇಕ್ಕಡಿವಾಳ್ಳು ಕಾದಮ್ಮಾ", ನಾವು ಇಲ್ಲಿಯವರಲ್ಲ, ಎಂದು ಬಾಗಿಲಲ್ಲೇ ಕೈ ಮುಗಿದರು.

ಮಂಗಳವಾರ ಸಂಜೆ, ಕಾರ್ಖಾನೆಯ ಮೊದಲ ಪಾಳಿ ಬಿಟ್ಟ ಮೇಲೆ, ತ್ರಿವೇಣಿ ಮತ್ತು ಹೊನ್ನೂರಮ್ಮ ಮತ್ತೆ ಹೊರಟರು. ಚೋರನೂರಿನವರ ಸಾಲಿಗೆ ಉಚ್ಚೆಂಗಪ್ಪನೇ ಹಿರಿಯ. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಇಲ್ಲಿಗೆ ಬಂದು ಹದಿನೇಳು ವರ್ಷ. ಅವನು ಬರೆಸಿದರೆ ಸಾಲೆಲ್ಲ ಬರೆಸುತ್ತದೆ. ಅವನು ಚಹಾ ಕೊಟ್ಟ, ಫ್ಯಾನು ತಿರುಗಿಸಿಟ್ಟ, ಹೆಸರು ಮಾತ್ರ ಕೊಡಲಿಲ್ಲ.

"ನಮ್ದು ಚೋರನೂರ್ರಿ ಮೇಡಂ."

"ಅಲ್ಲಿ ನಿಮ್ಮ ಮನೆ ಇದೆಯಾ?"

"ಬಿದ್ದೈತಿ."

"ವರ್ಷಕ್ಕೆ ಎಷ್ಟು ದಿನ ಇರ್ತೀರಿ?"

"ಹಬ್ಬಕ್ಕ ನಾಕು ದಿನ."

"ಉಳಿದ ಮುನ್ನೂರ ಅರವತ್ತು ದಿನ?"

"ಇಲ್ಲಿ ಸುಮ್ನ ಅದೀವ್ರಿ, ಡ್ಯೂಟಿಗೆ."

ಇದು ಎಣಿಕೆ ಅಷ್ಟೇ, ರೇಷನ್ ಕಾರ್ಡಿಗೂ ಹೊಲಕ್ಕೂ ಸಂಬಂಧವಿಲ್ಲ ಎಂದು ತ್ರಿವೇಣಿ ಐದನೆಯ ಸಲ ಹೇಳಿದಳು. ಉಚ್ಚೆಂಗಪ್ಪ ತಲೆಯಾಡಿಸುತ್ತಲೇ ಇದ್ದ. ಕೊನೆಗೆ, "ಒಂದು ಕೇಳ್ತೀನಿ, ಸಿಟ್ಟು ಮಾಡಬ್ಯಾಡ್ರಿ. ಈ ಪ್ಲಾಟಿಗೆ ಸುಡುಗಾಡು ಎಲ್ಲೈತಿ?" ಎಂದ.

ತ್ರಿವೇಣಿ ಚಹಾದ ಲೋಟ ಕೆಳಗಿಟ್ಟಳು.

"ಇಲ್ಲ. ಯಜಮಾನ್ರ ಮಂದಿಗೆ ಅವ್ರ ತ್ವಾಟದಾಗ ಐತಿ. ನಮಗ? ಹೋದ ವರ್ಷ ಈ ಹೊನ್ನೂರಮ್ಮನ ಗಂಡ ತೀರಿಕೊಂಡ. ಟೆಂಪೋದಾಗ ಹಾಕ್ಕೊಂಡು ಚೋರನೂರಿಗೆ ಒಯ್ದ್ವಿ. ಅಲ್ಲೂ, ಇವ್ನು ಊರು ಬಿಟ್ಟವ, ಜಾಗ ಯಾಕಂದ್ರು ನಾಕು ಮಂದಿ. ವೋಟಿನ ಲಿಸ್ಟಿನಾಗ ಹೆಸರು ತೋರಿಸಿದ ಮ್ಯಾಲ ಸುಮ್ನಾದ್ರು. ಬ್ಯಾರೆ ಕಡೆ ಬರಸಿದ್ದು ಗೊತ್ತಾದ್ರ ನಾಳೆ ನನ್ನನ್ನ ಎಲ್ಲಿ ಇಡ್ತೀರಿ?"

ತ್ರಿವೇಣಿ ಹೊನ್ನೂರಮ್ಮನ ಕಡೆ ನೋಡಿದಳು. ಏನೋ ಹೊಳೆದು, ತಾವು ಬರೆದ ಹಾಳೆಗಳನ್ನು ಮಗುಚಿದಳು. "ನಿಮ್ಮ ಹೆಸರೆಲ್ಲಿ?"

ಹೊನ್ನೂರಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು. "ನಂದೂ ಚೋರನೂರಾಗ ಐತ್ರಿ."

"ಹದಿನಾರು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀರಿ! ಊರೆಲ್ಲ ಸುತ್ತಿ ಬರೆಸಿ ಬರೆಸಿ ಅಂತೀರಿ, ನಿಮ್ಮದೇ ಇಲ್ಲ? ನಾನು ಯಾರ ಜೊತೆ ತಲೆ ಒಡೆದುಕೊಳ್ಳಲಿ?" ತ್ರಿವೇಣಿಯ ದನಿ ಬೀದಿಗೆ ಕೇಳಿಸಿತು. ಪಕ್ಕದ ಮನೆಯ ಚೆನ್ನಬಸಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತುಕೊಂಡಳು.

ಚೋರನೂರಿನಲ್ಲಿ ಹೊನ್ನೂರಮ್ಮನ ಗಂಡನ ಪಾಲಿನ ಒಂದೂವರೆ ಎಕರೆಯಿತ್ತು. ಮೈದುನ ಜಡೆಪ್ಪ ಉಳುತ್ತಿದ್ದ. ವರ್ಷಕ್ಕೊಮ್ಮೆ ಒಂದು ಚೀಲ ಸಜ್ಜೆ ಕಳಿಸುತ್ತಿದ್ದ. ಆ ಚೀಲ ಬರುವುದು ಅವಳು ಆ ಊರಿನವಳು ಎಂಬ ಒಂದೇ ಕಾರಣಕ್ಕೆ.

"ಬರೀರಿ" ಎಂದಳು. "ನಂದ ಮೊದಲ ಬರೀರಿ. ಹೊನ್ನೂರಮ್ಮ, ಒಬ್ಬಾಕಿ."

"ಅಕ್ಕೋರ, ಜಡೆಪ್ಪಗ ಗೊತ್ತಾದ್ರ?" ಎಂದ ಉಚ್ಚೆಂಗಪ್ಪ.

"ಗೊತ್ತಾಗ್ಲಿ. ನಿನ್ನ ಮಮ್ಮಗಳು ನಾಳೆ ಲಾರಿ ಅಡ್ಡ ಬಂದ್ರ ಚೋರನೂರಿನವ್ರು ಬರ್ತಾರೇನು, ಕೈ ಹಿಡ್ಯಾಕ? ಸತ್ತ ಮ್ಯಾಲಿನ ಜಾಗಕ್ಕ ಇಷ್ಟು ಚಿಂತಿ ಮಾಡ್ತಿ. ಕೂಸಿಗೆ ಕುಂದ್ರಾಕ ಜಾಗ ಬ್ಯಾಡೇನು?"

"ಅಯ್ಯ, ಬರಸೋ ಮಾವ, ಆಗಲಿಂದ ಹಿಟ್ಟು ಒಣಗಾಕತ್ತೈತಿ" ಎಂದಳು ಚೆನ್ನಬಸಮ್ಮ. "ನಮ್ಮನ್ಯಾಗ ಏಳು ಮಂದಿ ರೀ. ನಮ್ಮತ್ತೀನೂ ಹಿಡದು. ಅಕಿನ್ನ ಎರಡಂತ ಬರಕೊಂಡ್ರೂ ನಡಿತೈತಿ, ಅಷ್ಟು ಉಣ್ತಾಳ."

ಉಚ್ಚೆಂಗಪ್ಪ ಆ ಸಂಜೆ ಬರೆಸಲಿಲ್ಲ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುನ್ನ ಕೇಂದ್ರದ ಬಾಗಿಲಿಗೆ ಬಂದು, ಚಪ್ಪಲಿ ಬಿಡದೆ, ಯಾರ ಮುಖವನ್ನೂ ನೋಡದೆ, "ಆರು ಮಂದಿ" ಎಂದು ಹೇಳಿ ಹೋದ. ಅವನ ಸಾಲು ಮಧ್ಯಾಹ್ನದೊಳಗೆ ಮುಗಿಯಿತು. ಬುಕ್ಕಸಾಗರದವರು ಚೋರನೂರಿನವರಿಗಿಂತ ಕಡಿಮೆಯಾಗಬಾರದೆಂದು ತಾವೇ ಕರೆದು ಬರೆಸಿದರು. ಕಂಪ್ಲಿಯ ಐದು ಮನೆಯವರು ಕೊನೆಯವರೆಗೂ ಒಪ್ಪಲೇ ಇಲ್ಲ. ಒಟ್ಟು ಐನೂರ ಎಪ್ಪತ್ತೊಂದು ಜನ.

ವರದಿ ಹೋದ ವಾರದಲ್ಲೇ ಜಡೆಪ್ಪನ ಫೋನು ಬಂತು. ತ್ರಿವೇಣಿ ಎದುರಿಗೇ ಇದ್ದಳು. "ಊರು ಬ್ಯಾಡಾದ ಮ್ಯಾಲ ಹೊಲ ಯಾಕ ಬೇಕು?" ಎಂದು ಅವನು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಎಣಿಕೆಗೂ ಹೊಲಕ್ಕೂ ಸಂಬಂಧವಿಲ್ಲವೆಂದು ತ್ರಿವೇಣಿ ತಾನೇ ಫೋನು ತೆಗೆದುಕೊಂಡು ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಆ ವರ್ಷ ಸಜ್ಜೆ ಬರಲಿಲ್ಲ. ಖಾತೆಯಲ್ಲಿ ಗಂಡನ ಹೆಸರಿದೆ, ತಹಶೀಲ್ದಾರರಿಗೆ ಅರ್ಜಿ ಬರೆಯೋಣ ಎಂದು ತ್ರಿವೇಣಿ ಎಷ್ಟು ಹೇಳಿದರೂ ಹೊನ್ನೂರಮ್ಮ, "ನೋಡೋಣ ಬಿಡ್ರಿ" ಎನ್ನುತ್ತಾಳೆ. ಆ 'ನೋಡೋಣ' ಕೇಳಿದಾಗಲೆಲ್ಲ ತ್ರಿವೇಣಿಗೆ ಮೈ ಉರಿಯುತ್ತದೆ.

ಕೇಂದ್ರ ರಸ್ತೆಯ ಈಚೆಗೇ ಉಳಿದಿದೆ. ಪೂರ್ಣ ಕೇಂದ್ರವೆಂದು ಆದೇಶವಾಗಿದೆ, ಸಹಾಯಕಿಯ ನೇಮಕ ಇನ್ನೂ ಆಗಿಲ್ಲ. ಹೊನ್ನೂರಮ್ಮ ಈಗ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದು, ಐವತ್ತೆರಡು ಮಕ್ಕಳಿಗೆ ಅಡಿಗೆ ಮಾಡಿ, ಪಾಠ ಹೇಳಿ, ಸಂಜೆ ನಾಲ್ಕಕ್ಕೆ ಕಸ ಗುಡಿಸಿ ಬೀಗ ಹಾಕುತ್ತಾಳೆ.