ಯಂತ್ರಗಳಿಗೆ ವಿಳಾಸ ಕೊಡುವ ಓಸ್ವಾಲ್ಡರು
ಓಸ್ವಾಲ್ಡರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರೆಂದರೆ ಮಣಿಪಾಲದ ಆ ಕಂಪ್ಯೂಟರ್ ಲ್ಯಾಬಿನ ಹದಿನಾರು ಯಂತ್ರಗಳೂ ಎದ್ದು ನಿಲ್ಲುತ್ತವೆ ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದರು. ಎಂಬತ್ತೆಂಟನೇ ಇಸವಿಯಲ್ಲಿ ಯಂತ್ರಗಳನ್ನೆಲ್ಲ ಒಂದೇ ತಂತಿಗೆ ಪೋಣಿಸಿದ ಮೇಲೆ, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆಯ ವಿಳಾಸ ಕೊಡುವುದು ಅವರ ಕೆಲಸವಾಯಿತು. ಮುಚ್ಚಳ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಒಳಗಿನ ಸಾಸಿವೆಯಷ್ಟು ಸ್ವಿಚ್ಚುಗಳನ್ನು ಹೆಂಡತಿ ಆಂಜೆಲಾಳ ಹೇರ್‌ಪಿನ್ನಿನಿಂದ ಮೇಲೆ ಕೆಳಗೆ ಮಾಡಿ ಆ ಸಂಖ್ಯೆ ಕೂರಿಸುವರು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ, "ಒಂದೇ ಮನೆಗೆ ಇಬ್ಬರು ಯಜಮಾನರು ಮಾರಾಯ, ಕಾಗದ ಯಾರಿಗೆ ಕೊಡುವುದು?" ಎಂದು ನಗುವರು. ಆದರೆ ಯಾರಾದರೂ ತಮ್ಮಷ್ಟಕ್ಕೆ ಪ್ರಿಂಟರಿನ ಸಂಖ್ಯೆ ಬದಲಿಸಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. "ಉಳಿದ ಯಂತ್ರಗಳಿಗೆ ಹೇಳಿದ್ದೀರಾ? ಇಲ್ಲ ಅಲ್ವಾ? ಪಾಪ, ಅವು ಹಳೆಯ ವಿಳಾಸಕ್ಕೇ ಕಳಿಸ್ತಾ ಇರ್ತವೆ!" ಯಂತ್ರಗಳಿಗೆ ಇಷ್ಟು ಸಲೀಸಾಗಿ ವಿಳಾಸ ಕೊಡುವ ಮನುಷ್ಯ ಕಾಪುವಿನ ತಮ್ಮ ಸೋರುವ ಬಾಡಿಗೆ ಮನೆಯನ್ನು ಮಾತ್ರ ಬಿಡಲೊಲ್ಲರು. ಲ್ಯಾಬಿನ ಹಿಂದೆಯೇ ಕ್ವಾರ್ಟರ್ಸ್ ಕೊಡುತ್ತೇವೆಂದರೂ ಬೇಡವೆಂದು ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದರು. "ಎಂತ ಉಂಟು ಮಾರಾಯ್ರೆ ಆ ಮನೆಯಲ್ಲಿ?" ಎಂದು ಲ್ಯಾಬಿನ ಮುಖ್ಯಸ್ಥೆ ಪ್ರಭಾವತಿ ಮೇಡಂ ಒಮ್ಮೆ ಕೇಳಿಯೇ ಬಿಟ್ಟರು. ಓಸ್ವಾಲ್ಡರು ಹೇರ್‌ಪಿನ್ನನ್ನು ಒರೆಸಿ ಕಿಸೆಗೆ ಹಾಕಿಕೊಂಡರು. "ನನ್ನ ತಮ್ಮ ಆಂಟನಿ ಹಡಗಿನ ಕೆಲಸಕ್ಕೆ ಹೋಗಿ ಒಂಬತ್ತು ವರ್ಷ ಆಯ್ತು ಮೇಡಂ. ಕಾಗದ ನಿಂತು ಏಳು ವರ್ಷ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲ. ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತುಂಟು."