ಕಣ್ಣು ಮುಚ್ಚಿ ಕೈ ಚಾಚಿದಾಗ

ನನ್ನ ತಲೆಯನ್ನು ಇನ್ನೂರು ಮಂದಿ ಮಿದುಳಿನ ಸರ್ಜನ್ನರು ಒಟ್ಟಿಗೆ ನೋಡಿದ್ದಾರೆ. ನಮ್ಮ ಆರ್.ಟಿ. ನಗರದಲ್ಲಿ ಈ ಭಾಗ್ಯ ಇನ್ಯಾರಿಗಾದರೂ ಸಿಕ್ಕಿದ್ದರೆ ಮುಂದೆ ಬರಲಿ. ಸ್ಕೂಲಿನಲ್ಲಿ ಐನೂರು ಎಂದು ಹೇಳಿದ್ದೆ. ಇಲ್ಲಿ ಇನ್ನೂರಕ್ಕೆ ನಿಲ್ಲಿಸಿದ್ದೇನೆ, ಬರವಣಿಗೆಗೆ ಒಂದು ಮರ್ಯಾದೆ ಬೇಕಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಒಂಬತ್ತನೇ ಕ್ಲಾಸು. ಹೆಬ್ಬಾಳದ ಕೆರೆ ಏರಿಯ ಮೇಲೆ ಎರಡೂ ಕೈ ಬಿಟ್ಟು ಸೈಕಲ್ ಹೊಡೆದು ಗೆಳತಿಯರನ್ನು ದಂಗುಬಡಿಸಲು ಹೋಗಿ ಬಿದ್ದೆ. ನಾನು ಹೇಳುವ ಕಥೆಯಲ್ಲಿ ಎದುರಿಗೆ ಲಾರಿ ಬರುತ್ತದೆ. ನಿಜದಲ್ಲಿ ಅದು ಎಮ್ಮೆ. ಅದೂ ಬರುತ್ತಿರಲಿಲ್ಲ, ನಿಂತಿತ್ತು. ಬುರುಡೆಯೊಳಗೆ ಬಲಗಡೆ ರಕ್ತ ಹೆಪ್ಪುಗಟ್ಟಿತು. ಒಬ್ಬ ಯುವ ಡಾಕ್ಟರು ನನ್ನ ತಲೆ ನುಣ್ಣಗೆ ಬೋಳಿಸಿ, ಬುರುಡೆಗೆ ತೂತು ಕೊರೆದು, ಅದನ್ನು ಹೊರಗೆ ತೆಗೆದು ನನ್ನನ್ನು ಉಳಿಸಿದರು.

ಉಳಿದದ್ದು ಸಂತೋಷವೇ. ಆದರೆ ನಾಲ್ಕು ತಿಂಗಳು ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಸ್ಕೂಲಿಗೆ ಹೋಗುವ ಹುಡುಗಿಯ ಕಷ್ಟ ಯಾವ ಡಾಕ್ಟರಿಗೂ ಗೊತ್ತಿಲ್ಲ. ಜಾಮಿಟ್ರಿ ಬಾಕ್ಸಿನ ಸ್ಕೇಲು ಹಿಡಿದು ದಿನಾ ಕೂದಲು ಅಳೆಯುತ್ತಿದ್ದೆ. ಕೊನೆಗೂ ಒಂದು ಕ್ಲಿಪ್ಪು ನಿಲ್ಲುವಷ್ಟು ಬೆಳೆಯಿತು. ಅದೇ ವಾರ ನನ್ನ ಎಡಗೈಯಿಂದ ಹಾಲಿನ ಲೋಟ ಬಿತ್ತು.

"ಎಡಗೈಗೆ ಏನಾಗೇತವಾ?" ಅವ್ವ ಕೇಳಿದಳು. ಅಪ್ಪನ ಫ್ಯಾಕ್ಟರಿ ಕೆಲಸದಿಂದಾಗಿ ಹುಬ್ಬಳ್ಳಿ ಬಿಟ್ಟು ಹತ್ತು ವರ್ಷವಾಗಿದ್ದರೂ ಅವಳ ಮಾತು ಮಾತ್ರ ಅಲ್ಲೇ ಇತ್ತು.

"ಎಣ್ಣಿ ಹತ್ತಿತ್ತವಾ, ಜಾರ್ತು."

ಮಾರನೇ ದಿನ ಬಾಚಣಿಗೆ ಬಿತ್ತು. ಅದರ ಮಾರನೇ ದಿನ ಎಡಗೈ ನನ್ನ ಯೂನಿಫಾರ್ಮಿನ ಗುಂಡಿ ಹಾಕಲು ಒಪ್ಪಲಿಲ್ಲ. ಸಂಜೆಯಾದರೆ ತಲೆಯೊಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಬೆರಳು ತೋರಿಸಿ ಹೇಳಿದ್ದರು: "ತಲೆನೋವು ಜಾಸ್ತಿ ಆದ್ರೆ, ಕೈಯಲ್ಲಿ ಹಿಡಿದದ್ದು ಜಾರಿದ್ರೆ, ಅವತ್ತೇ ಬರ್ಬೇಕು. ರಕ್ತ ಮತ್ತೆ ತುಂಬ್ಕೊಂಡ್ರೆ, ತಡ ಮಾಡಿದಷ್ಟೂ ಪ್ರಾಣಕ್ಕೆ ಕಷ್ಟ. ತಿಳೀತಾ?" ತಿಳಿದಿತ್ತು. ಆದರೆ ಹೋದರೆ ಮತ್ತೆ ಬೋಳು. ನಾನು ತಿಳಿಯದವಳ ಹಾಗೆ ಇದ್ದುಬಿಟ್ಟೆ.

ಅಷ್ಟರಲ್ಲಿ ಅವರಿಂದಲೇ ಕರೆ ಬಂತು. ಮಿದುಳಿನ ಸರ್ಜನ್ನರ ವಾರ್ಷಿಕ ಸಮ್ಮೇಳನ, ಅದೂ ಇಪ್ಪತ್ತೈದನೆಯದು. ಹೆಬ್ಬಾಳದ ಕಡೆಯ ದೊಡ್ಡ ಸಭಾಂಗಣದಲ್ಲಿ ಬೆಳ್ಳಿಹಬ್ಬ. ಅಲ್ಲಿ ಅವರು ನನ್ನ ಕೇಸನ್ನು ಸ್ಲೈಡು ಹಾಕಿ ವಿವರಿಸುತ್ತಾರೆ, ಕೊನೆಯಲ್ಲಿ ನಾನು ಸ್ಟೇಜಿಗೆ ಬಂದು ಸಂಪೂರ್ಣ ಗುಣವಾಗಿರುವುದನ್ನು ತೋರಿಸಬೇಕು. ಅಷ್ಟು ದೊಡ್ಡವರ ಮುಂದೆ ಅವರು ಮಾತನಾಡುವುದು ಅದೇ ಮೊದಲು. ನನಗೋ ಸ್ಟೇಜು ಅಂದರೆ ಪ್ರಾಣ. ಅದೊಂದು ದಿನ ದಾಟಿಸಿಬಿಟ್ಟರೆ ಅವರಿಗೂ ಹೆಸರು, ನನಗೂ ಕೂದಲು ಎಂದು ಲೆಕ್ಕ ಹಾಕಿದೆ.

ಅವತ್ತು ಬೆಳಗ್ಗೆ ಪ್ರೊಜೆಕ್ಟರು ಕೈಕೊಟ್ಟು ಡಾಕ್ಟರು ಬೆವರಿಳಿಸಿಕೊಂಡು ಓಡಾಡುತ್ತಿದ್ದರು. "ಎಲ್ಲಾ ಆರಾಮಾ ಪುಟ್ಟಿ?" ಎಂದು ಓಡುತ್ತಲೇ ಕೇಳಿದರು. ನಾನು ಒಂಟಿಕಾಲಲ್ಲಿ ಒಂದು ಸುತ್ತು ತಿರುಗಿ ತೋರಿಸಿದೆ. ನೋಡಿದರೋ ಇಲ್ಲವೋ, ನಕ್ಕು ಹೋದರು.

ಸಭಾಂಗಣದ ತುಂಬ ಕೋಟುಗಳು. ಪರದೆಯ ಮೇಲೆ ನನ್ನ ಬುರುಡೆ ಎರಡಾಳು ಎತ್ತರಕ್ಕೆ ಬಿತ್ತು. ಕರೆದಾಗ ಹತ್ತಿದೆ. ಎಡಗೈಯನ್ನು ಲಂಗದ ಮಡಿಕೆಯಲ್ಲಿ ಹುದುಗಿಸಿದ್ದೆ.

ಡಾಕ್ಟರು ಮೈಕಿನಲ್ಲಿ, "ನೂರರಿಂದ ಏಳೇಳು ಕಳೀತಾ..." ಎನ್ನುವಷ್ಟರಲ್ಲಿ ನಾನು ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಎರಡರವರೆಗೂ ಒಂದೇ ಉಸಿರಿನಲ್ಲಿ ಇಳಿದೆ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಇಡೀ ಸಭೆ ನಕ್ಕಿತು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲು ಹೇಳಿದರು. ಎಡಗಾಲು ಒಮ್ಮೆ ತಪ್ಪಿತು. ತಕ್ಷಣ ಅದನ್ನೇ ಡ್ಯಾನ್ಸಿನ ಹೆಜ್ಜೆ ಮಾಡಿ ಕೈಮುಗಿದು ಬಗ್ಗಿದೆ. ಚಪ್ಪಾಳೆ! ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಗೆದ್ದೆ ಅಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಒಬ್ಬ ನರೆತ ಕೂದಲಿನ ಡಾಕ್ಟರು ಎದ್ದು ನಿಂತರು. ಅವರು ಚಪ್ಪಾಳೆ ತಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಏನೋ ಒಂದು ವಾಕ್ಯ ಹೇಳಿದರು. ನಮ್ಮ ಡಾಕ್ಟರು ನನ್ನ ಕಡೆ ತಿರುಗಿದರು.

"ಪುಟ್ಟಿ, ತೀರ್ಥ ತಗೊಳ್ಳೋ ಥರ ಎರಡೂ ಅಂಗೈ ಮೇಲೆ ಮಾಡಿ, ಕೈ ನೇರಕ್ಕೆ ಚಾಚು. ಕಣ್ಣು ಮುಚ್ಕೋ. ನಾನು ಹೇಳೋವರೆಗೂ ತೆಗೀಬೇಡ."

ಇಷ್ಟೇನಾ! ಚಾಚಿದೆ. ಕಣ್ಣು ಮುಚ್ಚಿದೆ. ಎರಡು ಕೈಯೂ ಬಡಗಿ ಇಟ್ಟ ಹಲಗೆಯ ಹಾಗೆ ಸಮನಾಗಿ ನಿಂತಿವೆ ಎಂದು ನನಗೆ ಖಾತ್ರಿಯಿತ್ತು. ಸಭೆ ಮೆಲ್ಲಗೆ ನಿಶ್ಶಬ್ದವಾಯಿತು. ಫ್ಯಾನಿನ ಸದ್ದು ಕೇಳಿಸಿತು. ಯಾರೋ ಕೆಮ್ಮಲು ಹೋಗಿ ನಿಲ್ಲಿಸಿದರು. ನನ್ನನ್ನು ಕಂಡು ಎಲ್ಲರೂ ಮಾತು ಮರೆತಿದ್ದಾರೆ ಅಂದುಕೊಂಡು ಮುಖದ ಮೇಲೆ ಸ್ವಲ್ಪ ನಗುವನ್ನೂ ತಂದುಕೊಂಡೆ.

ಹಿಂದಿನ ಸಾಲಿನಿಂದ ಅವ್ವನ ದನಿ ಬಂತು. "ಕೈ ಎತ್ತವಾ! ಎಡಗೈ ಎತ್ತ!"

"ಎತ್ತೇನಲ್ಲವಾ!" ಎಂದು ಕಣ್ಣು ತೆರೆದೆ.

ಬಲಗೈ ಇದ್ದಲ್ಲೇ ಇತ್ತು. ಎಡಗೈ ಸೊಂಟದ ಹತ್ತಿರ ಇಳಿದು, ಅಂಗೈ ಒಳಕ್ಕೆ ಮಗುಚಿ, ಬೆರಳು ಮುದುಡಿಕೊಂಡು ತೂಗುತ್ತಿತ್ತು. ಅದು ಯಾರದೋ ಕೈ ಅನ್ನಿಸಿತು. ಇಳಿದದ್ದು ನನಗೇ ಗೊತ್ತಾಗಿರಲಿಲ್ಲ.

ಡಾಕ್ಟರು ಮೈಕು ಬಿಟ್ಟು ಹತ್ತಿರ ಬಂದರು. "ಯಾವಾಗಿಂದ?"

ಬಾಯಲ್ಲಿ ಮೂರು ಸುಳ್ಳು ಸಿದ್ಧವಾಗಿದ್ದವು. ಕೈ ಮರಗಟ್ಟಿತ್ತು, ಭಯಕ್ಕೆ ಹೀಗಾಯಿತು, ಬೇಕೆಂದೇ ತಮಾಷೆಗೆ ಇಳಿಸಿದೆ. ಯಾವುದನ್ನು ಹೇಳಿದ್ದರೂ ಅವರ ಮಾನ ಉಳಿಯುತ್ತಿತ್ತೇನೋ. ಆದರೆ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ. ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು.

"ಹದಿನೈದು ದಿನ ಆಯ್ತು ಸಾರ್."

"ತಲೆನೋವು?"

"ಅದೂ ಇದೆ."

"ಬಂದು ಹೇಳೋಕ್ ಏನಾಗಿತ್ತಮ್ಮಾ?"

"ಕೂದ್ಲು ತೆಗೀತೀರ ಅಂತ..."

ಅವರು ಬಯ್ಯಲಿಲ್ಲ. ಮೈಕಿಗೆ ಹೋಗಿ ಇಂಗ್ಲಿಷಿನಲ್ಲಿ, ಈ ಹುಡುಗಿ ಸಂಪೂರ್ಣ ಗುಣ ಎಂದು ನಾನು ಹೇಳಿದ್ದು ತಪ್ಪು, ಬೆಳಗ್ಗೆ ನಾನೇ ಪರೀಕ್ಷೆ ಮಾಡಬೇಕಿತ್ತು, ಕ್ಷಮಿಸಿ, ಈಗ ಹೊರಡುತ್ತೇನೆ ಎಂದರು. ಅಷ್ಟು ಇಂಗ್ಲಿಷು ನನಗೂ ಅರ್ಥವಾಯಿತು. ಯಾರೂ ನಗಲಿಲ್ಲ. ನರೆತ ಡಾಕ್ಟರು ಆಗಲೇ ಬಾಗಿಲಿಗೆ ಹೋಗಿ ತಮ್ಮ ಕಾರಿನ ಡ್ರೈವರಿಗೆ ಕೈಬೀಸುತ್ತಿದ್ದರು.

ಕಾರಿನಲ್ಲಿ ಅವ್ವ ನನ್ನ ಎಡಗೈ ಉಜ್ಜುತ್ತಾ ಅತ್ತಳು. "ಅಷ್ಟು ಮಂದಿ ಮುಂದ ನಿಮ್ಮ ಮರ್ಯಾದಿ ಕಳದ್ಲಲ್ರೀ ಸಾಹೇಬ್ರ."

"ಅದಿರ್ಲಿ ಬಿಡಿಯಮ್ಮಾ. ಪುಟ್ಟಿ, ಬೆಳಗ್ಗೆಯಿಂದ ಏನ್ ತಿಂದೆ?"

"ಏನೂ ಇಲ್ಲ ಸಾರ್." ಅಭ್ಯಾಸಬಲದಿಂದ ಬಂದುಬಿಟ್ಟಿತು.

ನಮ್ಮ ಡಾಕ್ಟರು ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿದರು. "ಮತ್ತು ಬರೋ ಇಂಜೆಕ್ಷನ್ ಕೊಟ್ಟಾಗ ಹೊಟ್ಟೇಲಿರೋದು ಶ್ವಾಸಕ್ಕೆ ಹೋದ್ರೆ ನನ್ನ ಕೈಲೇ ನೀನು ಹೋಗ್ಬಿಡ್ತೀಯ. ನಿಜ ಹೇಳು."

"ಅಲ್ಲಿ ತಿಂಡಿ ಇಟ್ಟಿದ್ರಲ್ಲ... ಎರಡು ವಡೆ."

"ಎರಡೇನಾ?"

ಕಾರು ಗೇಟು ದಾಟಿ ಬಳ್ಳಾರಿ ರಸ್ತೆಗೆ ತಿರುಗಿತು. ನನ್ನ ಜನ್ಮದಲ್ಲಿ ಯಾವ ಸಂಖ್ಯೆಯನ್ನೂ ಹೆಚ್ಚಿಸದೆ ಕಡಿಮೆ ಮಾಡದೆ ಹೇಳಿದವಳಲ್ಲ ನಾನು.

"ಐದು ಸಾರ್. ಕೇಸರಿಬಾತ್ ಎರಡು ಸಲ. ಸ್ಟೇಜ್ ಹತ್ತೋಕ್ ಮುಂಚೆ ಒಂದು ಕಾಫಿ."

ಡಾಕ್ಟರು ಗಡಿಯಾರ ನೋಡಿಕೊಂಡು ಬೆರಳಲ್ಲಿ ಗಂಟೆ ಎಣಿಸಿದರು. "ಹೊಟ್ಟೆ ಖಾಲಿಯಾಗ್ಲಿ ಅಂತ ಸಂಜೆವರೆಗೂ ಕಾಯೋಕಾಗಲ್ಲ. ಮತ್ತಿನ ಇಂಜೆಕ್ಷನ್ ಬೇಡ, ಆ ಜಾಗ ಮಾತ್ರ ಮರಗಟ್ಟಿಸಿ ರಕ್ತ ತೆಗೀತೀನಿ. ನೀನು ಎಚ್ಚರವಾಗೇ ಇರ್ತೀಯ, ಮಿದುಳು ಸರಿಯಿದೆ ಅಂತ ನಂಗೆ ಗೊತ್ತಾಗೋಕೆ ಮಾತಾಡ್ತಾ ಇರ್ಬೇಕು. ಆಗುತ್ತಾ?"

"ಏನ್ ಮಾತಾಡ್ಲಿ ಸಾರ್?"

"ಏನಾದ್ರೂ," ಎಂದರು ಅವರು. "ಸುಳ್ಳಾದ್ರೂ ಪರವಾಗಿಲ್ಲ. ನಿಲ್ಲಿಸ್ಬೇಡ ಅಷ್ಟೇ."