ಹಗ್ಗದ ಮಾಮ

ಬಟಾನೆಸ್ ದ್ವೀಪಗಳ ಪ್ರತಿ ಊರಿಗೂ ಒಬ್ಬ ಹಗ್ಗದ ಮಾಮ ಇದ್ದೇ ಇರುತ್ತಾನೆ. ನಮ್ಮ ಉಯುಗಾನಿನವನು ಸಿನ್‌ಫೊರೋಸೊ. ರೇಡಿಯೊ ಬಿರುಗಾಳಿಯ ಹೆಸರು ಹೇಳುವ ಮೊದಲೇ ಹೊರಟು, ಹುಲ್ಲಿನ ಸೂರುಗಳನ್ನು ನೆಲದ ಕಲ್ಲಿಗೆ ಬಿಗಿದ ಹಗ್ಗಗಳನ್ನೆಲ್ಲ ಜಗ್ಗಿ ನೋಡುತ್ತಾನೆ. “ಏನಮ್ಮ ರೊಸೆಂದಾ, ಇದು ಸೂರು ಕಟ್ಟೋ ಗಂಟೋ, ಮೇಕೆ ಕಟ್ಟೋ ಗಂಟೋ?” “ನಿನ್ನೆ ನೀನೇ ಹಾಕಿದ್ದಲ್ವಾ ಮಾಮ?” “ನಾನು ಹಾಕಿದ್ದಾ? ಹಂಗಾದ್ರೆ ನೋಡ್ಲೇಬೇಕು,” ಎಂದು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಒಮ್ಮೆ ಅದೇ ಭರದಲ್ಲಿ ಚರ್ಚಿನ ಗಂಟೆಯ ಹಗ್ಗವನ್ನೂ ಜಗ್ಗಿ ಊರನ್ನೆಲ್ಲ ಪ್ರಾರ್ಥನೆಗೆ ಓಡಿಸಿದ್ದ. ಕೊನೆಗೆ ಕಡಲಂಚಿನಲ್ಲಿ ಸೂರಿಲ್ಲದೆ ನಿಂತ ನಾಲ್ಕು ಗೋಡೆಗಳ ಬಳಿ ಹೋಗಿ, ಅಲ್ಲಿನ ಬರಿಯ ಕಲ್ಲಿಗೂ ಹಗ್ಗ ಸುತ್ತಿ ಬಿಗಿಯುತ್ತಾನೆ. ಆಗ ನಾವು ಯಾರೂ ನಗುವುದಿಲ್ಲ. ನಲವತ್ತು ವರ್ಷದ ಹಿಂದೆ ಬಿರುಗಾಳಿ ಅವನ ತಂಗಿಯನ್ನೂ ಸೂರನ್ನೂ ಒಟ್ಟಿಗೆ ಕೊಂಡೊಯ್ದ ಮನೆ ಅದು. ಆವತ್ತು ಗಂಟು ಹಾಕಿದ್ದವನು ಅವನೇ.